ಕಂದು ಮಣಿಯ ಗುಣ ಬಿಲ್ಲಿನಲ್ಲಿಯೂ ಕಾಣಲಿ

ಆಭರಣ ತಯಾರಿಕೆಯಲ್ಲಿ ತೊಡಗಿರುವ ನಮ್ಮ ಸದಸ್ಯರಲ್ಲಿ ಹಲವರು ಕೆಂಪು, ಹಸಿರು, ನೀಲಿ ಹರಳುಗಳ ಜೊತೆಗೆ ಮಣ್ಣಿನ ಬಣ್ಣದ ಮಣಿಗಳನ್ನೂ ಕೈಗೆತ್ತಿಕೊಂಡಿದ್ದಾರೆ. ಕಂದು, ಕಾವಿ, ಬೂದು, ಮರಳು, ಕೆನೆ ಮುಂತಾದ ಈ ವರ್ಣಗಳು ಯಾವ ಉಡುಪಿಗೂ ಹೊಂದಿಕೊಳ್ಳುತ್ತವೆ. ಹೂಡಬೇಕಾದ ಬಂಡವಾಳವೂ ಕಡಿಮೆ. ಕಡಿಮೆಯೆಂಬ ಕಾರಣದಿಂದಲೇ ಇವುಗಳ ಖರೀದಿಯಲ್ಲಿ ನಮ್ಮ ಅಸಡ್ಡೆ ಹೆಚ್ಚು. ಒಂದು ಪಚ್ಚೆಗೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳುವ ವರ್ತಕನೇ ಜಾಸ್ಪರ್ ಸರಗಳನ್ನು ಕಟ್ಟುಗಟ್ಟಲೆ ಕೊಂಡು, ‘ಬ್ರೌನ್ ಬೀಡ್ಸ್, 40 ಎಳೆ’ ಎಂದಷ್ಟೇ ಬರೆದ ಬಿಲ್ಲನ್ನು ಜೇಬಿಗಿಳಿಸುತ್ತಾನೆ. ಈ ರೂಢಿ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಅಭಿಪ್ರಾಯವೆನ್ನುವುದಕ್ಕಿಂತ ಅನುಭವವೆನ್ನುವುದೇ ಮೇಲು. ಕೆಲವು ವರ್ಷಗಳ ಹಿಂದೆ ನಮ್ಮ ಘಟಕದಿಂದ ಹೊರ ರಾಜ್ಯದ ಚಿಲ್ಲರೆ ವ್ಯಾಪಾರಿಯೊಬ್ಬರಿಗೆ ಕಂದು ಅಗೇಟಿನ 60 ಹಾರಗಳನ್ನು ಕಳುಹಿಸಿದ್ದೆವು. ಬೇಸಗೆಯ ಮದುವೆಯೊಂದರಲ್ಲಿ ಆ ಹಾರ ಧರಿಸಿದ ಮಹಿಳೆಯೊಬ್ಬರ ಕೆನೆಬಣ್ಣದ ರೇಷ್ಮೆ ಸೀರೆಗೆ ಬೆವರಿನೊಡನೆ ಬಣ್ಣ ಇಳಿದು ಕಲೆಯಾಯಿತು. ಹಾರಗಳಷ್ಟೂ ಹಿಂದಿರುಗಿದವು, ಸೀರೆಯ ಬೆಲೆಯನ್ನೂ ನಾವೇ ತೆತ್ತೆವು. ಮಣಿ ಕೊಟ್ಟವರನ್ನು ವಿಚಾರಿಸಿದಾಗ ಅವರು, “ಬಿಲ್ಲಿನಲ್ಲಿ ಅಗೇಟ್ ಎಂದಿದೆ, ಅಗೇಟನ್ನೇ ಕೊಟ್ಟಿದ್ದೇನೆ” ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಕಲ್ಲು ಅಗೇಟೇ ಆಗಿತ್ತು. ಕಂದು ಮಾತ್ರ ಕಲ್ಲಿನದಾಗಿರಲಿಲ್ಲ. ಅದನ್ನು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಆದುದರಿಂದ ಮಣಿಯನ್ನು ಆರಿಸುವಾಗ ಛಾಯೆಯನ್ನು ನೋಡುವುದಕ್ಕೆ ಮೊದಲು ಆ ಕಂದು ಎಲ್ಲಿಂದ ಬಂದಿತೆಂದು ಕೇಳುವುದು ಅವಶ್ಯ. ಹುಲಿಗಣ್ಣು ಎಂದು ನಾವು ಕರೆಯುವ ಟೈಗರ್ ಐ ಕಲ್ಲಿನ ಹೊಂಗಂದು, ಜಾಸ್ಪರಿನ ಇಟ್ಟಿಗೆ ಬಣ್ಣ ಇವೆರಡೂ ಕಬ್ಬಿಣದ ಅಂಶದಿಂದ ಬಂದವು, ಮಾಸುವಂಥವಲ್ಲ. ಕಾರ್ನೀಲಿಯನ್ನಿನ ವಿಷಯ ಸ್ವಲ್ಪ ಬೇರೆ. ಗುಜರಾತಿನ ರತನ್‌ಪುರದ ಸುತ್ತ ದೊರೆಯುವ ಮಂಕು ಹಳದಿ-ಕಂದು ಕಲ್ಲನ್ನು ಖಂಭಾತಿನ ಕುಶಲಕರ್ಮಿಗಳು ಬಿಸಿಲಿಗೊಡ್ಡಿ, ಮಣ್ಣಿನ ಮಡಕೆಗಳಲ್ಲಿಟ್ಟು ನಿಧಾನವಾಗಿ ಕಾಯಿಸುತ್ತಾರೆ. ಒಳಗಿರುವ ಕಬ್ಬಿಣದ ಸಂಯುಕ್ತ ನೀರಿನಂಶ ಕಳೆದುಕೊಂಡು ಕೆಂಪಾಗುತ್ತದೆ. ಹರಪ್ಪಾ ಕಾಲದ ಲೋಥಾಲಿನಲ್ಲಿಯೂ ಮಣಿ ತಯಾರಿಸುವ ಕಾರ್ಯಾಗಾರದ ಅವಶೇಷಗಳು ದೊರೆತಿವೆ. ಕಲ್ಲನ್ನು ಕಾಯಿಸುವ ವಿದ್ಯೆಯೂ ಅಷ್ಟೇ ಹಳೆಯದು. ಈ ಬಣ್ಣ ಶಾಶ್ವತ. ಇದನ್ನು ಕಲಬೆರಕೆಯೆನ್ನುವುದು ಅನ್ಯಾಯ.

ಧೂಮ್ರ ಸ್ಫಟಿಕದ ಕಂದಾದರೋ ಕಲ್ಲಿನಲ್ಲಿರುವ ಅಲ್ಯೂಮಿನಿಯಂ ಅಂಶದ ಮೇಲೆ ಭೂಗರ್ಭದ ವಿಕಿರಣ ಯುಗಗಟ್ಟಲೆ ವರ್ತಿಸಿ ಮೂಡಿದ್ದು. ಬಣ್ಣವಿಲ್ಲದ ಸ್ಫಟಿಕಕ್ಕೆ ಕೃತಕ ವಿಕಿರಣ ಹಾಯಿಸಿ ಅದೇ ಬಣ್ಣವನ್ನು ಅಲ್ಪಕಾಲದಲ್ಲಿ ಬರಿಸುವುದೂ ಸಾಧ್ಯ. ಎರಡೂ ಬಗೆಯವು ಹೆಚ್ಚು ಶಾಖಕ್ಕೆ ಸಿಕ್ಕರೆ ತಿಳಿಯಾಗುತ್ತವೆಯಾದ್ದರಿಂದ ಬೆಸುಗೆಯ ಜ್ವಾಲೆಯ ಬಳಿ ಇವನ್ನು ಇಡಬಾರದು. ಇನ್ನು ಅಗೇಟು ಸೂಕ್ಷ್ಮ ರಂಧ್ರಗಳುಳ್ಳ ಕಲ್ಲು. ಅದನ್ನು ಸಕ್ಕರೆಯ ದ್ರಾವಣದಲ್ಲಿ ನೆನೆಸಿ ಕಾಯಿಸಿದರೆ ಕಂದಾಗುತ್ತದೆ. ಗಂಧಕಾಮ್ಲದಲ್ಲಿ ಅದ್ದಿದರೆ ಕಪ್ಪಾಗುತ್ತದೆ. ಜರ್ಮನಿಯ ಈಡರ್-ಓಬರ್‌ಸ್ಟೈನ್ ಊರಿನವರು 19ನೆಯ ಶತಮಾನದಲ್ಲಿ ಕಲ್ಲಿಗೆ ಬಣ್ಣ ಕೊಡುವುದನ್ನೇ ದೊಡ್ಡ ಉದ್ಯಮವನ್ನಾಗಿ ಬೆಳೆಸಿದರು. ಹೀಗೆ ಒಳಗೆ ಇಂಗಾಲವಾಗಿ ನಿಂತ ಬಣ್ಣ ಬಿಡುವುದಿಲ್ಲ. ಬಿಡುವುದು ಅಗ್ಗದ ಬಣ್ಣದಲ್ಲಿ ಅದ್ದಿ ತೆಗೆದ ಮಣಿ. ನನ್ನ 60 ಹಾರಗಳದ್ದು ಅದೇ ಕಥೆ.

ಹೆಸರುಗಳ ಗೊಂದಲವೂ ಸಾಲದೆಂಬಂತಿದೆ. ‘ಸ್ಮೋಕಿ ಟೋಪಾಜ್’ ಎಂದು ಮಾರುವುದು ಬಹುಪಾಲು ಧೂಮ್ರ ಸ್ಫಟಿಕವೇ ಹೊರತು ಪುಷ್ಯರಾಗವಲ್ಲ. ‘ಸನ್ ಸಿತಾರಾ’ ಎಂಬ ಮಿನುಗುವ ಕಂದು ಮಣಿ ತಾಮ್ರದ ಕಣಗಳನ್ನು ಹುದುಗಿಸಿಕೊಂಡಿರುವ ಗಾಜು. ನೋಡಲು ಅಂದವಾಗಿದೆ, ಧಾರಾಳವಾಗಿ ಮಾರಬಹುದು, ಆದರೆ ಗಾಜೆಂದೇ ಮಾರಬೇಕು. ಬಿಳಿಯ ಹೌಲೈಟ್ ಬಣ್ಣವನ್ನು ಚೆನ್ನಾಗಿ ಹೀರುವುದರಿಂದ ನಾನಾ ಕಲ್ಲುಗಳ ವೇಷ ಧರಿಸಿ ಬರುತ್ತದೆ. ಅದರ ಕಾಠಿಣ್ಯ ಮೋಸ್ ಮಾಪನದಲ್ಲಿ 3.5ರಷ್ಟು ಮಾತ್ರ, ಅಗೇಟ್, ಜಾಸ್ಪರ್‌ಗಳದು 6.5ರಿಂದ 7. ಚಾಕುವಿನ ಮೊನೆ ಹೌಲೈಟನ್ನು ಗೀರುತ್ತದೆ, ಜಾಸ್ಪರನ್ನು ಗೀರಲಾರದು.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಕಿಲ್ಲ. ಪ್ರತಿ ಲಾಟಿನಿಂದ ಎರಡು ಮಣಿ ತೆಗೆದು, ಉಗುರುಬಣ್ಣ ಅಳಿಸುವ ಅಸಿಟೋನಿನಲ್ಲಿ ಅದ್ದಿದ ಬಿಳಿ ಹತ್ತಿಯಿಂದ ಉಜ್ಜಿರಿ. ಇನ್ನೆರಡನ್ನು ಬೆಚ್ಚನೆಯ ಉಪ್ಪುನೀರಿನಲ್ಲಿ ಒಂದು ರಾತ್ರಿ ಬಿಡಿ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ತೂತಿನ ಅಂಚನ್ನು ನೋಡಿರಿ. ಅಲ್ಲಿಯೂ ಬಿರುಕುಗಳಲ್ಲಿಯೂ ಬಣ್ಣ ದಟ್ಟವಾಗಿ ನಿಂತಿದ್ದರೆ ಕಾರಣ ಬೇರೆ ಹೇಳಬೇಕಿಲ್ಲ. ತೂತಿನ ಅಂಚು ಹರಿತವಾಗಿದ್ದರೆ ಎಂತಹ ದಾರವೂ ಆರು ತಿಂಗಳಲ್ಲಿ ಕತ್ತರಿಸಿಹೋಗುತ್ತದೆ. ಆಗ ದೂರು ಬರುವುದು ಕಲ್ಲು ಕೊರೆದವರ ಮೇಲಲ್ಲ, ಪೋಣಿಸಿದವರ ಮೇಲೆ.

ಹುಲಿಗಣ್ಣಿನ ದುಂಡು ಮಣಿ ಕೊಳ್ಳುವಾಗ ಇನ್ನೊಂದು ಸೂಕ್ಷ್ಮವಿದೆ. ಕಲ್ಲಿನ ಎಳೆಗಳ ಉದ್ದಕ್ಕೆ ತೂತು ಕೊರೆದಿದ್ದರೆ ಮಣಿ ಹೇಗೆ ಹೊರಳಿದರೂ ಮಿಂಚಿನ ಪಟ್ಟೆ ಕಾಣುತ್ತದೆ; ಅಡ್ಡಲಾಗಿ ಕೊರೆದಿದ್ದರೆ ಆಗಾಗ್ಗೆ ಮಂಕಾದ ತುದಿ ಎದುರಿಗೆ ಬರುತ್ತದೆ. ಒಂದೇ ಬೆಲೆಯ ಎರಡು ಸರಗಳಲ್ಲಿ ಈ ವ್ಯತ್ಯಾಸ ನೋಡಿ ಆರಿಸುವವರು ವಿರಳ. ಹಾಗೆಯೇ, ಹೊಳಪು ತೆಗೆದ ಮಣಿ ಛಾಯಾಚಿತ್ರದಲ್ಲಿ ಸೊಗಸಾಗಿ ಕಾಣುತ್ತದೆಯಾದರೂ ನಮ್ಮವರ ಗೋಧಿ, ಎಣ್ಣೆಗೆಂಪು ಮೈಬಣ್ಣದ ಮೇಲೆ ಕಂದಿನೊಳಗೆ ಕಂದು ಕರಗಿಹೋಗುತ್ತದೆ. ನಮ್ಮ ಮಾರುಕಟ್ಟೆಗೆ ಹೊಳಪಿನ ಮಣಿ, ನಡುನಡುವೆ ಕೆನೆಬಣ್ಣದ ಚಿಕ್ಕ ಮಣಿ, ಇದೇ ಸರಿಯೆಂಬುದು ನನ್ನ ಮತ. ಒಪ್ಪದವರು ಇರಬಹುದು. ಆದರೆ ಒಂದು ಮಾತಿನಲ್ಲಿ ಭಿನ್ನಾಭಿಪ್ರಾಯ ಇರಲಾರದು: ಸಹಜ ಕಂದು ಮರುಕಳಿಸುವುದಿಲ್ಲ. 8 ಮಿ.ಮೀ. ಮಣಿಗಳ 16 ಅಂಗುಲದ ಎಳೆಯಲ್ಲಿ ಸುಮಾರು 50 ಮಣಿಗಳಿರುತ್ತವೆ. ಬೇಡಿಕೆಗೆ ಹತ್ತು ಎಳೆ ಬೇಕಾದರೆ ಹನ್ನೊಂದನ್ನು ಅದೇ ಲಾಟಿನಿಂದ ಒಮ್ಮೆಗೇ ಕೊಳ್ಳಬೇಕು.

ಬಣ್ಣ ಹಾಕಿದ್ದೆಂದು ಬಿಲ್ಲಿನಲ್ಲಿ ಬರೆದರೆ ಕೊಳ್ಳುವವರಾರು ಎಂದು ಮಿತ್ರರು ಆಕ್ಷೇಪಿಸುತ್ತಾರೆ. ಅಗ್ಗದ ಫ್ಯಾಷನ್ ಸರಕಿಗೆ ಕೊಳ್ಳುವವರು ಖಂಡಿತ ಇದ್ದಾರೆ; ಅವರಿಗೆ ತಿಳಿದು ಕೊಳ್ಳುವ ಹಕ್ಕಿದೆ. ರಫ್ತಿನ ಹಂಬಲವುಳ್ಳವರಿಗಂತೂ ಇದು ಐಚ್ಛಿಕವಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಪರಿಷ್ಕರಿಸಿದ ಆಭರಣ ಮಾರ್ಗಸೂಚಿಯ ಪ್ರಕಾರ, ಕಲ್ಲಿಗೆ ಮಾಡಿದ ಸಂಸ್ಕರಣೆ ಶಾಶ್ವತವಲ್ಲದಿದ್ದರೆ, ವಿಶೇಷ ಆರೈಕೆ ಬೇಡುವಂತಿದ್ದರೆ, ಅಥವಾ ಬೆಲೆಯ ಮೇಲೆ ಗಣನೀಯ ಪರಿಣಾಮ ಬೀರುವಂತಿದ್ದರೆ ಅದನ್ನು ಗ್ರಾಹಕರಿಗೆ ತಿಳಿಸಬೇಕು. ನಮ್ಮಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಯಿತು. ಆಗಲೂ ವ್ಯಾಪಾರ ಕೆಡುತ್ತದೆಂದು ಅಂಜಿದವರಿದ್ದರು. ಮಣಿಗೆ ಅಂಥ ಮುದ್ರೆಯಿಲ್ಲ, ಇರುವುದು ಬಿಲ್ಲೊಂದೇ.

ಎಲ್ಲಿಂದ ಬಂದಿತೆಂಬ ಪ್ರಶ್ನೆ ಬಣ್ಣಕ್ಕೆ ಮಾತ್ರ ಸೀಮಿತವಲ್ಲ. ಅಗೇಟನ್ನು ಒಣಗಿದ ಚಕ್ರದ ಮೇಲೆ ಅರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಉಂಟುಮಾಡುತ್ತದೆ. ಅದಕ್ಕೆ ವಾಸಿಮಾಡುವ ಮದ್ದಿಲ್ಲ. ಕಾರ್ಖಾನೆಯಲ್ಲಿ ಕಂಡುಬಂದರೆ ಸರಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಯಿದು. ಖಂಭಾತಿನಲ್ಲಿ ಈ ಕೆಲಸದ ಬಹುಭಾಗ ನಡೆಯುವುದು ಮನೆಗಳಲ್ಲಿ, ವರದಿ ಮಾಡುವವರಿಲ್ಲದ ಕಡೆ. ನೀರು ಹಾಯಿಸಿ ಅರೆಯುವುದರಿಂದ, ಧೂಳು ಹೀರುವ ಯಂತ್ರ ಅಳವಡಿಸುವುದರಿಂದ ಅಪಾಯ ಬಹಳಷ್ಟು ತಗ್ಗುತ್ತದೆ, ವೆಚ್ಚ ಸ್ವಲ್ಪ ಏರುತ್ತದೆ. ಎಳೆಗೆ ಎರಡು ರೂಪಾಯಿ ಇಳಿಸಲು ಚೌಕಾಸಿ ಮಾಡುವ ನಾವು ಆ ವೆಚ್ಚವನ್ನು ಯಾರ ಮೇಲೆ ಹೊರಿಸುತ್ತಿದ್ದೇವೆಂದು ನಾನೂ ಬಹುಕಾಲ ಯೋಚಿಸಿರಲಿಲ್ಲ.

ನಮ್ಮ ಸಂಸ್ಥೆಯು ಮಣಿ ವ್ಯಾಪಾರಕ್ಕೆ ಒಂದು ಮಾದರಿ ಬಿಲ್ಲನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕೆಂದು ಕೋರುತ್ತೇನೆ. ಕಲ್ಲಿನ ಹೆಸರು, ಸಹಜವೋ, ಕಾಯಿಸಿದ್ದೋ, ಬಣ್ಣ ಹಾಕಿದ್ದೋ, ವಿಕಿರಣಕ್ಕೊಳಪಟ್ಟದ್ದೋ, ಅರೆದದ್ದು ಎಲ್ಲಿ, ನೀರು ಹಾಯಿಸಿಯೇ, ಲಾಟಿನ ಸಂಖ್ಯೆ. ಇಷ್ಟು ಸಾಕು. ನಾನು ಹೀಗೆ ಬರೆದುಕೊಡಲು ಕೇಳಿದಾಗ ಇಬ್ಬರು ಸರಬರಾಜುದಾರರು ನಕ್ಕರು. ಮೂರನೆಯವರು ದರವನ್ನು ತುಸು ಏರಿಸಿ ಬರೆದುಕೊಟ್ಟರು. ಈಗ ಪ್ರತಿ ಲಾಟಿನಿಂದ ಒಂದು ಎಳೆಯನ್ನು ಆ ಬಿಲ್ಲಿನ ಪ್ರತಿಯೊಡನೆ ಬಿಳಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುತ್ತಿದ್ದೇನೆ.