ಮಳೆಮಾಪಕಕ್ಕೆ ರೇಡಾರ್ ಜೊತೆಯಾಗಲಿ

ಬರಕ್ಕೆ ಹೆಸರಾದ ಕೋಲಾರ ಜಿಲ್ಲೆಯಲ್ಲಿ ಪ್ರವಾಹದ ಮುನ್ಸೂಚನೆಗೆ ದುಡ್ಡು ಹಾಕಬೇಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವೇ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲಿಲ್ಲ. ಆದರೆ ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆ ಕಡೆಯ ಕೆರೆಗಳು ಒಂದರ ಕೆಳಗೊಂದು ಸರಪಳಿಯಂತೆ ಕೂಡಿಕೊಂಡಿವೆ. ಮೇಲಿನದು ಕೋಡಿ ಹರಿದರೆ ಕೆಳಗಿನದು ತುಂಬುತ್ತದೆ; ಮೇಲಿನ ಕಟ್ಟೆ ಒಡೆದರೆ ಕೆಳಗಿನದು ಉಳಿಯುವುದು ಕಷ್ಟ. 1903ರ ನವೆಂಬರಿನಲ್ಲಿ ಮೈಸೂರು ಸೀಮೆಯ ಕೆರೆಗಳು ಒಡೆದು ಪಾಲಾರ್ ನದಿ ಉಕ್ಕಿದಾಗ ಪ್ರಾಣ ತೆತ್ತವರು ಕೆಳಗಿನ, ತಮಿಳುನಾಡಿನ ವಾಣಿಯಂಬಾಡಿಯ ಜನ. 2021ರ ನವೆಂಬರಿನಲ್ಲಿ ಕೋಲಾರದ ಕೆರೆಗಳು ಕೋಡಿ ಬಿದ್ದವು, ಕೊಯ್ಲಿಗೆ ಬಂದಿದ್ದ ರಾಗಿ ನೀರುಪಾಲಾಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ನೀರು ಕಂಡದ್ದು ಸಂತೋಷವೇ, ಆದರೆ ಮೊದಲೇ ತುಂಬಿದ ಕೆರೆಯಲ್ಲಿ ದೊಡ್ಡ ಮಳೆಗೆ ಜಾಗವಿರುವುದಿಲ್ಲ.

ಮಳೆ ಅಳೆಯುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಟೆಲಿಮೆಟ್ರಿಕ್ ಮಳೆಮಾಪಕ ಇಟ್ಟಿದೆ. 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ಇಷ್ಟು ಸಾಲದೆ? ಸಾಲದು. ಮಾಪಕ ಹಿಡಿಯುವುದು ಗೇಣಗಲದ ಬಾಯಿಗೆ ಬಿದ್ದ ಹನಿಯನ್ನು ಮಾತ್ರ. ನಮ್ಮ ಗುಡುಗು ಮಳೆಯೋ ಒಂದೂರಿನಲ್ಲಿ ಧೋ ಎಂದು ಸುರಿದು ಪಕ್ಕದೂರಿನ ಧೂಳನ್ನೂ ಅಡಗಿಸದೆ ಹೋಗುವಂಥದ್ದು. ಒಂದು ಚದರ ಕಿಲೋಮೀಟರ್ ಮೇಲೆ 50 ಮಿ.ಮೀ. ಮಳೆಯೆಂದರೆ 5 ಕೋಟಿ ಲೀಟರ್ ನೀರು. ಅದು ಎರಡು ಮಾಪಕಗಳ ನಡುವೆ ಬಿದ್ದರೆ ಲೆಕ್ಕಕ್ಕೇ ಸಿಗದು. ಹಿಂಗಾರಿನ ಮೋಡ ಬರುವುದು ಪೂರ್ವದಿಂದ, ಗಡಿಯಾಚೆಯಿಂದ. ನಮ್ಮ ಮಾಪಕಕ್ಕೆ ಅದು ತಿಳಿಯುವುದು ತಲೆಯ ಮೇಲೆ ಸುರಿದ ನಂತರ.

ಮೋಡವನ್ನು ದೂರದಿಂದಲೇ ಕಾಣಬಲ್ಲದ್ದು ರೇಡಾರ್. ಹಾಗಾದರೆ ಅದೊಂದೇ ಸಾಕಲ್ಲ ಎನ್ನುವವರೂ ಇದ್ದಾರೆ. ಚೆನ್ನೈ ರೇಡಾರ್ ಕೆಜಿಎಫ್‌ಗೆ ಸುಮಾರು 220 ಕಿ.ಮೀ. ದೂರ. ಭೂಮಿ ದುಂಡಗಿರುವುದರಿಂದ ಅದರ ಅತಿ ಕೆಳಗಿನ ಕಿರಣವೂ ಇಲ್ಲಿಗೆ ತಲುಪುವಷ್ಟರಲ್ಲಿ ನೆಲದಿಂದ ಮೂರು-ನಾಲ್ಕು ಕಿ.ಮೀ. ಮೇಲಿರುತ್ತದೆ, ಅದರ ಕೆಳಗೆ ನಡೆಯುವುದು ಕಾಣದು. ಅಲ್ಲದೆ ರೇಡಾರ್ ಅಳೆಯುವುದು ಮಳೆಯನ್ನಲ್ಲ, ಹನಿಗಳಿಗೆ ತಾಗಿ ಮರಳುವ ಅಲೆಯನ್ನು. ಕೆಲವೇ ದಪ್ಪ ಹನಿಗಳೂ ಸಾವಿರಾರು ಸಣ್ಣ ಹನಿಗಳೂ ಒಂದೇ ಬಲದ ಅಲೆಯನ್ನು ಮರಳಿಸಬಹುದು. ಆದ್ದರಿಂದಲೇ ಎರಡೂ ಕೂಡಬೇಕು. ರೇಡಾರ್ ಮಳೆಯ ಹರವನ್ನೂ ಚಲನೆಯನ್ನೂ ತೋರಿಸಲಿ, ನೆಲದ ಮಾಪಕಗಳು ಅದರ ಅಂದಾಜನ್ನು ಕ್ಷಣಕ್ಷಣಕ್ಕೆ ತಿದ್ದಲಿ. ಹತ್ತಿರದ ರೇಡಾರ್ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕಾಗಿ ಕಾಯದೆ ಈಗಿರುವುದನ್ನೇ ಜೋಡಿಸಬಹುದು, ಅದಕ್ಕೆ ಹೊಸ ಕಟ್ಟಡವೂ ಬೇಕಿಲ್ಲ.

ಸುಳ್ಳು ಎಚ್ಚರಿಕೆ ಹೆಚ್ಚಾದರೆ ಜನ ಕಿವಿಗೊಡುವುದಿಲ್ಲ ಎಂಬ ಮಾತು ನಿಜ. ಆದರೆ ಜನ ಬೇಸತ್ತಿರುವುದು ‘ಜಿಲ್ಲೆಯ ಕೆಲವೆಡೆ ಭಾರಿ ಮಳೆ’ ಎಂಬಂಥ ಸಾಲುಗಳಿಂದ. ಎಚ್ಚರಿಕೆ ಕೆರೆಯ ಹೆಸರು ಹೇಳಬೇಕು: ಈಗ ಎಷ್ಟು ತುಂಬಿದೆ, ಎಷ್ಟು ಹೊತ್ತಿಗೆ ಕೋಡಿ ಬೀಳಬಹುದು ಎಂದು. ಅದು ಪಂಚಾಯಿತಿಗೂ, ತೂಬು ಕಾಯುವ ನೀರಗಂಟಿಗೂ ಕನ್ನಡದಲ್ಲೇ ಹೋಗಬೇಕು. ಬೇತಮಂಗಲದ ಮಾಪಕದ ಅಂಕಿ ಬೆಂಗಳೂರಿಗೆ ಮಾತ್ರವಲ್ಲ, ಆಂಧ್ರದ ಕುಪ್ಪಂಗೂ ವಾಣಿಯಂಬಾಡಿಗೂ ಪಾಲಾರ್ ನೀರಿಗಿಂತ ಮೊದಲೇ ತಲುಪಬೇಕು.