ಏಳು ತಂತಿಯ ಉತ್ತರ

ಯಂತ್ರ ಬಂದು ಸಂಗೀತ ಕೆಟ್ಟಿತೆಂದು ನಂಜನಗೂಡಿನ ನನ್ನ ಸಮವಯಸ್ಕರು ಹಲುಬುವುದನ್ನು ನಾನು ಒಪ್ಪಲಾರೆ. ಮಕ್ಕಳು ಸ್ಪೀಕರು, ಆಂಪ್ಲಿಫೈಯರುಗಳಿಗೆ ಹಣ ಸುರಿದರೆ ಅದು ಹುಚ್ಚಂತೆ. ತಾವು ಮರ್ಫಿ ರೇಡಿಯೋಗೆ ಏರಿಯಲ್ ಕಟ್ಟಲು ಮಾಡು ಹತ್ತಿದ್ದು ಮಾತ್ರ ರಸಿಕತೆಯಂತೆ! ನೆರೆಯ ಟಿ. ನರಸೀಪುರದ ತಿರುಮಕೂಡಲಿನಲ್ಲಿ ಹುಟ್ಟಿದ ಚೌಡಯ್ಯನವರು ಮಾಡಿದ್ದೇನು? ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪದೆಂದು, ನಾಲ್ಕು ತಂತಿಯ ವಾದ್ಯಕ್ಕೆ ಮತ್ತೆ ಮೂರನ್ನು ಸೇರಿಸಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರೋ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಎಂಜಿನಿಯರಲ್ಲ! ನಾದಕ್ಕಾಗಿ ಉಪಕರಣದೊಡನೆ ಗುದ್ದಾಡುವ ಚಾಳಿ ನಮ್ಮ ಸೀಮೆಗೆ ಹೊಸದಲ್ಲ.

ಪ್ರಿಯ ಶಿಷ್ಯರೇ, ನಿಮ್ಮ ಮೇಲೂ ಒಂದು ತಕರಾರಿದೆ. ಲಕ್ಷದ ಸ್ಪೀಕರು ಕೊಂಡವರು ಅರ್ಧ ಗಂಟೆಯ ತೋಡಿಯನ್ನು ಮೂರನೆಯ ನಿಮಿಷಕ್ಕೇ ಬದಲಿಸುವುದೇಕೆ?