ಆ ನಗು ಹಗುರವಲ್ಲ

ಯುದ್ಧಕಾಲದ ಅಪರಾಧ–ಹಾಸ್ಯ ಚಿತ್ರಗಳು ಸಾವುನೋವನ್ನು ಹಗುರ ಮಾಡಿದವು, ಜನ ಮರೆತದ್ದೇ ಒಳ್ಳೆಯದಾಯಿತು ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಖಂಡಿತ ಒಪ್ಪಲಾರೆ.

1942ರಲ್ಲಿ ತೆರೆಕಂಡ ‘ಆಲ್ ಥ್ರೂ ದ ನೈಟ್’ ನೋಡಲಿ. ತನಗಿಷ್ಟದ ಚೀಸ್‌ಕೇಕ್ ಮಾಡುವ ಬೇಕರಿಯವನ ಕೊಲೆಯ ಜಾಡು ಹಿಡಿದ ಜೂಜುಕೋರ ಹಂಫ್ರಿ ಬೋಗಾರ್ಟ್, ನ್ಯೂಯಾರ್ಕಿನಲ್ಲೇ ಅಡಗಿದ್ದ ನಾಜಿ ಗುಂಪಿಗೆ ಎದುರಾಗುತ್ತಾನೆ. ಅವರ ಗುಪ್ತಸಭೆಯಲ್ಲಿ ಮಾತಾಡಬೇಕಾಗಿ ಬಂದಾಗ ತಲೆಬುಡವಿಲ್ಲದ್ದನ್ನೆಲ್ಲ ಗಂಭೀರವಾಗಿ ಒದರುತ್ತಾನೆ. ಕೂತವರು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವರ ಟೊಳ್ಳುತನ ಅಲ್ಲಿ ಬಯಲಾದಷ್ಟು ಯಾವ ಭಾಷಣದಲ್ಲೂ ಆಗದು.

ಖಳರಾಗಿ ನಟಿಸಿದ ಕಾನ್ರಾಡ್ ವೈಟ್, ಪೀಟರ್ ಲೋರಿ ಇಬ್ಬರೂ 1933ರಲ್ಲಿ ಹಿಟ್ಲರನ ಜರ್ಮನಿ ತೊರೆದವರು. ವೈಟ್ ಅವರ ಪತ್ನಿ ಯಹೂದಿ. ಲೋರಿ ಸ್ವತಃ ಯಹೂದಿ. ಯುದ್ಧವನ್ನು ಹಗುರ ಮಾಡಿದರೆಂದು ಇವರ ಮೇಲೆ ಆರೋಪ ಹೊರಿಸುವುದೇ?